ಟರ್ನ್‌ಟೇಬಲ್‌ಗೆ ಯಾವ ಕಾರ್ಟ್ರಿಜ್? ಕೊಡಗಿನ ಮನೆಗಳಿಗೊಂದು ಲೆಕ್ಕ

ದುಬಾರಿ ಟರ್ನ್‌ಟೇಬಲ್ ಮನೆಗೆ ಬಂದ ಕೂಡಲೇ ಏಳುವ ಪ್ರಶ್ನೆ, ‘ಕಾರ್ಟ್ರಿಜ್ ಯಾವುದು ಹಾಕೋದು?’ ಗ್ರಾಮಫೋನ್ ಪ್ಲೇಟಿನ ಗೀರಿನಲ್ಲಿ ಮುಳ್ಳು ಅದುರುವುದನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಡಬ್ಬಿಯೇ ಕಾರ್ಟ್ರಿಜ್. ಉತ್ತರ ಹೇಳುವವರಿಗೇನೂ ಬರವಿಲ್ಲ. ಆದರೆ ಹೇಳುವವರ ಮನೆಯ ನೆಲ ಸಾಮಾನ್ಯವಾಗಿ ಕಾಂಕ್ರೀಟಿನದು, ಅವರ ಊರಿನಲ್ಲಿ ಕಾರ್ಟ್ರಿಜ್ ಜೋಡಿಸಿಕೊಡುವ ಅಂಗಡಿ ಇರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಗೋಡೆ ಬೆವರುವುದಿಲ್ಲ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಇರುವವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ನನ್ನ ಮಟ್ಟಿಗೆ ಕಾರ್ಟ್ರಿಜ್ ಆರಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ನಿಮ್ಮ ಪ್ಲೇಟುಗಳು, ಟೋನ್‌ಆರ್ಮ್ (ಕಾರ್ಟ್ರಿಜ್ ಹೊರುವ ತೋಳು; ಮುಂದೆ ಬರೀ ಆರ್ಮ್), ಫೋನೋ ಸ್ಟೇಜ್ (ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ; ಮುಂದೆ ಬರೀ ಸ್ಟೇಜ್), ಆಮೇಲೆ ಮನೆ, ಈ ನಾಲ್ಕನ್ನೂ ನೋಡಬೇಕು. ನೋಡಿದರೆ ಪಟ್ಟಿಯಲ್ಲಿರುವ ಹತ್ತಾರು ಮಾದರಿಗಳಲ್ಲಿ ಎರಡೋ ಮೂರೋ ಉಳಿಯುತ್ತವೆ. ಆಗ ಆರಿಸುವುದು ಸುಲಭ.

ಹೆಜ್ಜೆ 1: ಪ್ಲೇಟುಗಳನ್ನು ಹೊರಗೆ ತೆಗೆಯಿರಿ

ಅಟ್ಟದ ಮೇಲಿನ ಪೆಟ್ಟಿಗೆ, ಅಜ್ಜನ ಕಾಲದ ಬೀರು, ಈಚೆಗೆ ಕೊಂಡ ಹೊಸ ಎಲ್‌ಪಿ, ಎಲ್ಲವನ್ನೂ ಒಂದು ಕಡೆ ಹಾಕಿ ವಿಂಗಡಿಸಿ. ಸೈನ್ಯದಲ್ಲಿದ್ದವರ, ತೋಟದವರ ಮನೆಗಳಲ್ಲಿ ಮೂರು ಕಾಲದ ಪ್ಲೇಟುಗಳು ಒಟ್ಟಿಗೇ ಸಿಗುವುದು ಅಪರೂಪವೇನಲ್ಲ: ಅರಗಿನ 78 (ನಿಮಿಷಕ್ಕೆ 78 ಸುತ್ತು ತಿರುಗುವವು), ಏಳಿಂಚಿನ ಸಿನಿಮಾ ಹಾಡುಗಳ ಇಪಿ, ಹನ್ನೆರಡಿಂಚಿನ ಎಲ್‌ಪಿ. ಒಂದೇ ಮುಳ್ಳು ಮೂರಕ್ಕೂ ಆಗುವುದಿಲ್ಲ.

78ರ ಗ್ರೂವ್ (ಮುಳ್ಳು ಓಡುವ ಗೀರು) ಅಗಲ. ಅದಕ್ಕೆ ಸುಮಾರು 3 ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಮಿಲ್) ತುದಿಯ ಮುಳ್ಳು ಬೇಕು; ಎಲ್‌ಪಿಯ ಮುಳ್ಳು ಅದರ ಕಾಲು ಭಾಗದಷ್ಟೇ. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗ್ರೂವ್‌ನ ತಳಕ್ಕೆ ಇಳಿದು, ಅಲ್ಲಿರುವ ಧೂಳನ್ನು ಹಾಡಿಸುತ್ತದೆ. ಆರ್ಟೊಫೋನ್, ಆಡಿಯೊ-ಟೆಕ್ನಿಕಾ ಎರಡೂ 78ಕ್ಕೆಂದೇ ಕಾರ್ಟ್ರಿಜ್ ಮಾಡುತ್ತವೆ. ನಿಮ್ಮ ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಎಷ್ಟೋ ದುಬಾರಿ ಟೇಬಲ್‌ಗಳಲ್ಲಿ ಇರುವುದಿಲ್ಲ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಬೇಡಿ. ಅರಗು ಅದರಲ್ಲಿ ಕರಗುತ್ತದೆ.

ಸ್ಟೀರಿಯೊ ಬರುವ ಮೊದಲಿನ ಮೋನೊ ಪ್ಲೇಟುಗಳು ರಾಶಿ ಇದ್ದರೆ ಅದಕ್ಕೂ ಬೇರೆ ಕಾರ್ಟ್ರಿಜ್ ಸಿಗುತ್ತದೆ. ನಾಲ್ಕಾರು ಮಾತ್ರ ಇದ್ದರೆ ಅಷ್ಟು ದೂರ ಹೋಗಬೇಡಿ, ಫೋನೋ ಸ್ಟೇಜ್ ಅಥವಾ ಆಂಪ್ಲಿಫೈಯರ್‌ನಲ್ಲಿ ಮೋನೊ ಸ್ವಿಚ್ ಇದ್ದರೆ ಸಾಕು.

ಇನ್ನು ಎಲ್‌ಪಿಗಳನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಚುಕ್ಕೆ ಚುಕ್ಕೆ ಕಂಡರೆ ಅದು ಬೂಸ್ಟು. ಕಪ್ಪು ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಸವೆತ, ಆ ಕಾಲದ ಸೂಟ್‌ಕೇಸ್ ಪ್ಲೇಯರ್‌ಗಳ ಭಾರದ ಮುಳ್ಳಿನ ಕೆಲಸ. ಬೂಸ್ಟನ್ನು ತೊಳೆಯಬಹುದು, ಸವೆತವನ್ನು ಆಗುವುದಿಲ್ಲ. ಆದರೆ ಸವೆದ ಪ್ಲೇಟಿಗೂ ಒಂದು ದಾರಿ ಇದೆ, ಅದು ಮುಳ್ಳಿನ ಆಕಾರದಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ಆರ್ಮ್‌ನ ತೂಕ, ಕಾರ್ಟ್ರಿಜ್‌ನ ಮೆದುತನ

ಇಡೀ ವ್ಯವಹಾರದಲ್ಲಿ ಲೆಕ್ಕ ಹಾಕಲೇಬೇಕಾದ ಜಾಗ ಇದೊಂದೇ. ನಾನು ಕಂಡಂತೆ ಹೆಚ್ಚಿನವರು ಹಾರಿಸಿಬಿಡುವ ಜಾಗವೂ ಇದೇ.

ಮುಳ್ಳು ಕೂತಿರುವ ಸಣ್ಣ ಕಡ್ಡಿ, ಅಂದರೆ ಕ್ಯಾಂಟಿಲಿವರ್, ಒಂದು ರಬ್ಬರ್ ಬಳೆಯ ಮೇಲೆ ಆಡುತ್ತದೆ. ಅದು ಎಷ್ಟು ಮೆದುವಾಗಿ ಆಡುತ್ತದೆ ಎನ್ನುವುದೇ ಕಂಪ್ಲಯನ್ಸ್. ಆರ್ಮ್‌ಗೆ ತನ್ನದೊಂದು ಪರಿಣಾಮಕಾರಿ ತೂಕವಿದೆ, ಅಂದರೆ ಆಡುವಾಗ ಮುಳ್ಳಿಗೆ ತಟ್ಟುವ ಭಾರ. ತೋಟದ ಜೀಪನ್ನೇ ನೋಡಿ: ಮೆತ್ತನೆ ಸ್ಪ್ರಿಂಗ್ ಮೇಲೆ ವಿಪರೀತ ಹೊರೆ ಹಾಕಿದರೆ ತೊನೆಯುತ್ತದೆ, ಗಟ್ಟಿ ಸ್ಪ್ರಿಂಗ್ ಮೇಲೆ ಏನೂ ಹೊರೆ ಇಲ್ಲದಿದ್ದರೆ ಕುಪ್ಪಳಿಸುತ್ತದೆ. ಇಲ್ಲೂ ತೂಕ ಮತ್ತು ಮೆದುತನ ಸೇರಿ ಒಂದು ಸಹಜ ಕಂಪನ ಹುಟ್ಟುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ಬೀಳಬೇಕು. ಅದಕ್ಕಿಂತ ಕೆಳಗೆ ಇಳಿದರೆ ಡೊಂಕು ಪ್ಲೇಟು ಮತ್ತು ನೆಲದ ಅದುರಾಟ ಇರುವ ಪ್ರದೇಶ. ಮೇಲೆ ಹೋದರೆ 20 ಹರ್ಟ್ಸ್‌ನಿಂದ ಶುರುವಾಗುವ ಸಂಗೀತದ ಪ್ರದೇಶಕ್ಕೆ ಹತ್ತಿರವಾಗುತ್ತದೆ.

ಸೂತ್ರ ಸರಳ. ಆರ್ಮ್‌ನ ಪರಿಣಾಮಕಾರಿ ತೂಕ, ಕಾರ್ಟ್ರಿಜ್ ತೂಕ, ಸ್ಕ್ರೂಗಳ ತೂಕ, ಮೂರನ್ನೂ ಗ್ರಾಂನಲ್ಲಿ ಕೂಡಿಸಿ. ಅದನ್ನು ಕಂಪ್ಲಯನ್ಸ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿದರೆ ಹರ್ಟ್ಸ್ ಬಂತು.

ಟೆಕ್ನಿಕ್ಸ್ ಎಸ್‌ಎಲ್-1200 ಸರಣಿಯ ಆರ್ಮ್ ತೂಕ 12 ಗ್ರಾಂ. ಅದಕ್ಕೆ ಆರ್ಟೊಫೋನ್ 2ಎಂ ರೆಡ್ ಹಾಕುತ್ತೀರಿ ಎಂದುಕೊಳ್ಳಿ. ಕಾರ್ಟ್ರಿಜ್ 7.2 ಗ್ರಾಂ, ಸ್ಕ್ರೂಗಳು ಸುಮಾರು 1 ಗ್ರಾಂ, ಒಟ್ಟು 20.2. ಕಂಪ್ಲಯನ್ಸ್ 20. ಗುಣಿಸಿದರೆ 404, ವರ್ಗಮೂಲ 20.1, ಉತ್ತರ 7.9 ಹರ್ಟ್ಸ್. ಗೆರೆಯ ಮೇಲೇ ನಿಂತಿದೆ. ಕಾಂಕ್ರೀಟ್ ನೆಲದಲ್ಲಿ ನಡೆಯುತ್ತದೆ.

ಈಗ ಡೆನಾನ್ ಡಿಎಲ್-103. 1960ರ ದಶಕದ ಆರಂಭದಲ್ಲಿ ಜಪಾನಿನ ಬಾನುಲಿ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡದ್ದು, ಇವತ್ತಿಗೂ ಮಾರಾಟದಲ್ಲಿದೆ. ತೂಕ 8.5 ಗ್ರಾಂ, ಕಂಪ್ಲಯನ್ಸ್ 5 ಎಂದು ಕಾಗದದಲ್ಲಿದೆ. ಅದನ್ನೇ ಹಾಕಿದರೆ 15 ಹರ್ಟ್ಸ್ ಮೇಲೆ ಬಂದು ಗಾಬರಿಯಾಗುತ್ತದೆ. ಜಪಾನಿನ ತಯಾರಕರು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ನಮಗೆ ಬೇಕಾದದ್ದು 10 ಹರ್ಟ್ಸ್‌ನ ಅಳತೆ. ಅವರ ಅಂಕಿಯನ್ನು ಒಂದೂವರೆಯಿಂದ ಎರಡರವರೆಗೆ ಯಾವುದಾದರೂ ಒಂದರಿಂದ ಗುಣಿಸುವುದು ರೂಢಿ. 9 ಎಂದು ಹಿಡಿದರೆ ಅದೇ ಆರ್ಮ್‌ನಲ್ಲಿ ಸುಮಾರು 11.4 ಹರ್ಟ್ಸ್. ಆರಾಮಾಗಿ ಒಳಗಿದೆ.

ಕೊಡಗಿನಲ್ಲಿ ಇದು ಯಾಕೆ ಮುಖ್ಯ? ಹಳೆಯ ಐನ್‌ಮನೆ, ತೋಟದ ಬಂಗಲೆಗಳ ಮಹಡಿಯಲ್ಲಿ ನೆಲ ಮರದ ಹಲಗೆಯದು. ಯಾರಾದರೂ ಬೂಟು ಹಾಕಿ ನಡೆದರೆ ಟೇಬಲ್ ಅದುರುತ್ತದೆ. ಆ ಅದುರು ಕೆಲವೇ ಹರ್ಟ್ಸ್‌ನದು. ಕಾರ್ಟ್ರಿಜ್-ಆರ್ಮ್ ಜೋಡಿ 6-7 ಹರ್ಟ್ಸ್‌ನಲ್ಲಿ ಕೂತಿದ್ದರೆ ಮುಳ್ಳು ನೆಗೆಯುತ್ತದೆ, ಇಲ್ಲವೇ ಸ್ಪೀಕರ್‌ನ ವೂಫರ್ ಸುಮ್ಮನೆ ಒಳಗೆ-ಹೊರಗೆ ಆಡುತ್ತದೆ. ಹಾಗಾಗಿ ಹಲಗೆ ನೆಲದವರು 9ರಿಂದ 12ರ ಕಡೆಗೇ ವಾಲಬೇಕು ಎನ್ನುವುದು ನನ್ನ ಅಭಿಪ್ರಾಯ. ಅಂದರೆ ತೀರಾ ಮೆದುವಲ್ಲದ ಕಾರ್ಟ್ರಿಜ್. ಲಿನ್ ಎಲ್‌ಪಿ12ರಂಥ ಸ್ಪ್ರಿಂಗ್ ಮೇಲೆ ತೇಲುವ ಟೇಬಲ್ ಇದ್ದವರು ಸ್ಟ್ಯಾಂಡನ್ನೇ ಬಿಟ್ಟು, ಹೊರಗಿನ ಕಲ್ಲುಗೋಡೆಗೆ ಶೆಲ್ಫ್ ಹೊಡೆಸಿಕೊಂಡರೆ ಒಳ್ಳೆಯದು. ಹಳೆಯ ಮನೆಗಳ ಗೋಡೆ ದಪ್ಪ, ಅದುರುವುದಿಲ್ಲ. ಈ ಶೆಲ್ಫ್‌ನಿಂದ ಆಗುವಷ್ಟು ಲಾಭ ಕಾರ್ಟ್ರಿಜ್ ಬದಲಾಯಿಸಿದರೂ ಆಗದು.

ಇನ್ನೊಂದು ಮಾತು. ಸಾಮಾನ್ಯ ಕಾರ್ಟ್ರಿಜ್‌ಗಳ ಸ್ಕ್ರೂ ಅಂತರ ಅರ್ಧ ಇಂಚು, ಹೆಚ್ಚಿನ ಆರ್ಮ್‌ಗಳಿಗೆ ಹಿಡಿಸುತ್ತದೆ. ರೇಗಾ ಆರ್ಮ್‌ಗಳಲ್ಲಿ ಎತ್ತರ ಹೊಂದಿಸುವ ಸೌಲಭ್ಯವಿಲ್ಲ, ಕಾರ್ಟ್ರಿಜ್ ಎತ್ತರವಿದ್ದರೆ ಆರ್ಮ್ ಕೆಳಗೆ ಬಿಲ್ಲೆ ಹಾಕಬೇಕು. ಕಬ್ಬಿಣದ ಪ್ಲ್ಯಾಟರ್ (ಪ್ಲೇಟು ಕೂರುವ ತಟ್ಟೆ) ಇರುವ ಥೋರೆನ್ಸ್ ಟಿಡಿ 124ರಂಥ ಹಳೆಯ ಟೇಬಲ್‌ಗಳಲ್ಲಿ ಬಲವಾದ ಅಯಸ್ಕಾಂತವಿರುವ ಮೂವಿಂಗ್ ಕಾಯಿಲ್ (ಮುಂದಿನ ಹೆಜ್ಜೆ ನೋಡಿ) ಕಾರ್ಟ್ರಿಜ್ ಕೆಳಕ್ಕೆ ಎಳೆಯಲ್ಪಟ್ಟು ಮುಳ್ಳಿನ ಭಾರ ಹೆಚ್ಚಿಬಿಡುತ್ತದೆ.

ಹೆಜ್ಜೆ 3: ಎಂಎಂ ಅಥವಾ ಎಂಸಿ? ಫೋನೋ ಸ್ಟೇಜನ್ನು ಕೇಳಿ

ಎಂಎಂ, ಅಂದರೆ ಮೂವಿಂಗ್ ಮ್ಯಾಗ್ನೆಟ್‌ನಲ್ಲಿ, ಮುಳ್ಳಿನ ಜೊತೆ ಅಯಸ್ಕಾಂತ ಅಲ್ಲಾಡುತ್ತದೆ, ಸುರುಳಿ ನಿಂತಿರುತ್ತದೆ. ಎಂಸಿ, ಅಂದರೆ ಮೂವಿಂಗ್ ಕಾಯಿಲ್‌ನಲ್ಲಿ, ತಲೆಕೆಳಗು. ನಾಗಾವೊಕಾ, ಗ್ರಾಡೋದವರದು ಮೂವಿಂಗ್ ಐರನ್, ಬಳಕೆಯ ಮಟ್ಟಿಗೆ ಎಂಎಂ ಜಾತಿಗೇ ಸೇರಿಸಬಹುದು.

ಎಂಎಂ 3ರಿಂದ 5 ಮಿಲಿವೋಲ್ಟ್ ಕೊಡುತ್ತದೆ. ಕಡಿಮೆ ಔಟ್‌ಪುಟ್‌ನ ಎಂಸಿ 0.2ರಿಂದ 0.5. ಎಂಎಂಗೆ ಸುಮಾರು 40 ಡೆಸಿಬೆಲ್, ಅಂದರೆ ನೂರು ಪಟ್ಟು ಹಿಗ್ಗಿಸಿದರೆ ಸಾಕು. ಎಂಸಿಗೆ 60 ಡೆಸಿಬೆಲ್ ಬೇಕು, ಸಾವಿರ ಪಟ್ಟು. ಹಿಗ್ಗುವುದು ಹಾಡು ಮಾತ್ರವಲ್ಲ, ಗುಂಯ್ ಎನ್ನುವ ಹಮ್ಮೂ ಅಷ್ಟೇ ಹಿಗ್ಗುತ್ತದೆ.

ನಮ್ಮ ಕಡೆ ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಮನೆ ನಡೆಯುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಫ್ಯಾನೇ ಗುಂಯ್‌ಗುಟ್ಟುತ್ತದೆ, ಇನ್ನು ಸಾವಿರ ಪಟ್ಟು ಹಿಗ್ಗಿಸುವ ಸ್ಟೇಜ್ ಏನಾಗಬೇಡ? ಹಳೆಯ ವೈರಿಂಗ್‌ನ ಮನೆಗಳಲ್ಲಿ ಅರ್ತಿಂಗ್ ಹೆಸರಿಗಷ್ಟೇ ಇರುತ್ತದೆ. ಎಂಸಿ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಅರ್ತ್ ಪರೀಕ್ಷೆ ಮಾಡಿಸಿ. ಆ ಖರ್ಚು ಕಾರ್ಟ್ರಿಜ್ ಬೆಲೆಯ ಮುಂದೆ ಏನೂ ಅಲ್ಲ. ಏಪ್ರಿಲ್-ಮೇ ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದಂತೂ ಹೇಳಬೇಕಾದ್ದಿಲ್ಲ.

ಹೊಂದಾಣಿಕೆಯ ಅಂಕಿಗಳು ಹೀಗಿವೆ. ಎಂಎಂಗೆ 47 ಕಿಲೋಓಂ ಲೋಡ್ (ಸ್ಟೇಜ್ ಕಾರ್ಟ್ರಿಜ್‌ಗೆ ಒಡ್ಡುವ ರೋಧ) ಎಲ್ಲೆಡೆ ಒಂದೇ. ನೋಡಬೇಕಾದದ್ದು ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣ; ಅದರ ಅಳತೆ ಪಿಕೊಫ್ಯಾರಡ್. ಆರ್ಮ್ ವೈರ್, ಕೇಬಲ್, ಸ್ಟೇಜ್‌ನ ಇನ್‌ಪುಟ್, ಮೂರರ ಪಿಕೊಫ್ಯಾರಡ್ ಕೂಡಿಸಿ. ಆರ್ಟೊಫೋನ್ 2ಎಂ ಕೇಳುವುದು 150ರಿಂದ 300. ಆಡಿಯೊ-ಟೆಕ್ನಿಕಾ ವಿಎಂ95 ಕೇಳುವುದು 100ರಿಂದ 200. ಇದಕ್ಕಿಂತ ಹೆಚ್ಚಾದರೆ ತಾರಸ್ಥಾಯಿಯಲ್ಲಿ ಒಂದು ಉಬ್ಬು ಬಂದು ಪಿಟೀಲು ಕಿವಿಗೆ ಚುಚ್ಚುತ್ತದೆ. ಟೇಬಲ್ ಒಂದು ಕಡೆ, ಆಂಪ್ ಇನ್ನೊಂದು ಕಡೆ ಇಟ್ಟು ಉದ್ದ ಕೇಬಲ್ ಎಳೆಯುವವರು ಇದನ್ನು ಗಮನಿಸಬೇಕು. ಎಂಸಿಗೆ ಕೆಪಾಸಿಟೆನ್ಸ್ ಚಿಂತೆಯಿಲ್ಲ, ಕಾರ್ಟ್ರಿಜ್‌ನ ಒಳಗಿನ ಓಂನ ಸುಮಾರು ಹತ್ತು ಪಟ್ಟು ಲೋಡ್ ಕೊಟ್ಟರೆ ಆಯಿತು. ಎಂಎಂ ಸ್ಟೇಜ್ ಮಾತ್ರ ಇದ್ದವರು ಅದರ ಮುಂದೆ 1:10 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಇನ್ನೊಂದು 20 ಡೆಸಿಬೆಲ್ ಸಿಗುತ್ತದೆ. ಆಗ ಕಾರ್ಟ್ರಿಜ್‌ಗೆ ಕಾಣುವ ಲೋಡ್ 470 ಓಂ.

ಹೆಜ್ಜೆ 4: ಹಣ ಹಾಕುವುದಾದರೆ ಮುಳ್ಳಿನ ತುದಿಗೆ ಹಾಕಿ

ನನ್ನ ವಾದ ಇರುವುದೇ ಇಲ್ಲಿ. ದೇಹ ಯಾವುದೇ ಇರಲಿ, ಗ್ರೂವ್ ಮುಟ್ಟುವುದು ಮುಳ್ಳಿನ ತುದಿ.

ಹನ್ನೆರಡಿಂಚಿನ ಎಲ್‌ಪಿ 33⅓ರ ವೇಗದಲ್ಲಿ ತಿರುಗುವಾಗ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಸರಿಯುತ್ತದೆ. ಒಳಗೆ, ಲೇಬಲ್ ಹತ್ತಿರ, 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ದುಂಡು ತುದಿ ಆ ಸಣ್ಣ ಸುಳಿಗಳೊಳಗೆ ಇಳಿಯಲಾರದು. ಕಛೇರಿಯ ಎಲ್‌ಪಿಯಲ್ಲಿ ಕೊನೆಗೆ ಬರುವ ತಿಲ್ಲಾನದಲ್ಲಿ ಪಿಟೀಲು ಒಡೆದಂತೆ ಕೇಳುವುದು, ಹಾಡಿನ ‘ಸ’, ‘ಶ’ ಅಕ್ಷರಗಳು ಉಗುಳಿದ ಹಾಗೆ ಬರುವುದು ಇದೇ ಕಾರಣಕ್ಕೆ.

ದೀರ್ಘವೃತ್ತದ ಎಲಿಪ್ಟಿಕಲ್ ತುದಿ ಸುಧಾರಣೆ. ಅದಕ್ಕೂ ಮೇಲೆ ಶಿಬಾಟಾ, ಲೈನ್ ಕಾಂಟ್ಯಾಕ್ಟ್, ಮೈಕ್ರೋಲೈನ್. ಶಿಬಾಟಾ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಜೆವಿಸಿ ಕಂಪನಿಯ ನಾಲ್ಕು ಚಾನೆಲ್‌ನ ಸಿಡಿ-4 ಪ್ಲೇಟುಗಳಿಗಾಗಿ. ಆ ಪದ್ಧತಿ ಸತ್ತಿತು, ಮುಳ್ಳು ಉಳಿಯಿತು. ಈ ತುದಿಗಳು ಗ್ರೂವ್‌ನ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ತೆಳ್ಳಗಿನ ಗೆರೆಯಾಗಿ ಮುಟ್ಟುತ್ತವೆ. ಸೂಟ್‌ಕೇಸ್ ಪ್ಲೇಯರ್‌ನ ದುಂಡು ಮುಳ್ಳು ಸವೆಸಿದ್ದು ಗೋಡೆಯ ಒಂದು ಪಟ್ಟಿಯನ್ನಷ್ಟೇ. ಹೊಸ ತುದಿ ಆ ಪಟ್ಟಿಯ ಆಚೆ ಇರುವ, ಯಾವ ಮುಳ್ಳೂ ತಾಗದ ಭಾಗವನ್ನೂ ಓದುತ್ತದೆ. ಹಾಳಾಯಿತೆಂದು ಬಿಟ್ಟ ಪ್ಲೇಟು ಎಷ್ಟೋ ಸಲ ಹೀಗೆ ಬದುಕುತ್ತದೆ. ಎಲ್ಲವೂ ಅಲ್ಲ, ಕೆಲವು ಇನ್ನೂ ಹೆಚ್ಚು ಕರಕರ ಎನ್ನುತ್ತವೆ.

ಬಾಳಿಕೆಯಲ್ಲೂ ವ್ಯತ್ಯಾಸ ದೊಡ್ಡದು. ಆಡಿಯೊ-ಟೆಕ್ನಿಕಾ ಕೊಡುವ ಅಂದಾಜು: ಎಲಿಪ್ಟಿಕಲ್ 300 ಗಂಟೆ, ದುಂಡು 500, ಶಿಬಾಟಾ 800, ಮೈಕ್ರೋಲೈನ್ 1000. ದಿನಕ್ಕೊಂದು ಗಂಟೆ ಕೇಳುವವರಿಗೆ ಎಲಿಪ್ಟಿಕಲ್ ವರ್ಷ ತುಂಬುವುದರೊಳಗೆ ಮುಗಿಯಿತು. ಮೈಕ್ರೋಲೈನ್‌ನ ಬೆಲೆಯನ್ನು ಗಂಟೆಯ ಲೆಕ್ಕದಲ್ಲಿ ಭಾಗಿಸಿ ನೋಡಿ, ಅಷ್ಟೇನೂ ದುಬಾರಿಯಲ್ಲ ಅನ್ನಿಸುತ್ತದೆ.

ಹೆಜ್ಜೆ 5: ಮಳೆ, ಚಳಿ, ದೂರ

ಎಂಸಿಯಲ್ಲಿ ಮುಳ್ಳು ಸವೆದರೆ ಬಳಕೆದಾರ ಬದಲಾಯಿಸುವಂತಿಲ್ಲ. ತಯಾರಕರಿಗೆ ಕಳಿಸಬೇಕು, ಇಲ್ಲವೇ ಹೊಸ ತುದಿ ಕೂರಿಸುವವರನ್ನು ಹುಡುಕಬೇಕು. ಎಂಎಂನಲ್ಲಿ ಮುಳ್ಳಿನ ಭಾಗವನ್ನು ಎಳೆದು ತೆಗೆದು ಹೊಸದನ್ನು ತೂರಿಸಿದರೆ ಮುಗಿಯಿತು, ದೇಹ ಆರ್ಮ್‌ನಲ್ಲೇ ಇರುತ್ತದೆ, ಮತ್ತೆ ಜೋಡಿಸುವ ತಲೆನೋವಿಲ್ಲ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಕಕ್ಕಡ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಕೊರಿಯರೂ ಇಲ್ಲ. ಹೊಸ ಮುಳ್ಳೊಂದನ್ನು ಡಬ್ಬಿಯಲ್ಲಿ ಎತ್ತಿಟ್ಟುಕೊಳ್ಳುವ ಅನುಕೂಲ ಸಣ್ಣದಲ್ಲ.

ವಿಎಂ95 ಸರಣಿಯಲ್ಲಿ ಒಂದೇ ದೇಹಕ್ಕೆ ಎಲಿಪ್ಟಿಕಲ್‌ನಿಂದ ಮೈಕ್ರೋಲೈನ್, ಶಿಬಾಟಾದವರೆಗೆ ಕೂರುತ್ತದೆ. 2ಎಂನಲ್ಲಿ ಮುಳ್ಳು ಅದಲುಬದಲು ಮಾಡಲು ರೆಡ್-ಬ್ಲೂ ಒಂದು ಜೋಡಿ, ಬ್ರಾಂಜ್-ಬ್ಲ್ಯಾಕ್ ಇನ್ನೊಂದು ಜೋಡಿ. ಒಳ್ಳೆಯ ಟೇಬಲ್‌ಗೆ ತಕ್ಕ ಕಾರ್ಟ್ರಿಜ್ ಬೇಕು, ಆದರೆ ಎಂಸಿಯ ರಗಳೆ ಬೇಡ ಎನ್ನುವವರಿಗೆ ಶಿಬಾಟಾ ತುದಿಯ 2ಎಂ ಬ್ಲ್ಯಾಕ್ ಅಥವಾ ಬೋರಾನ್ ಕಡ್ಡಿಯ ನಾಗಾವೊಕಾ ಎಂಪಿ-500 ಹೇಳುತ್ತೇನೆ. ಎಂಸಿಯಲ್ಲಿ ಹೆಚ್ಚಿನ ಸೂಕ್ಷ್ಮ ಕೇಳುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಕುಶಾಲನಗರದಂಥ ಒಣ ಕಡೆ ಮನೆ, ಅರ್ತಿಂಗ್ ಸರಿಯಾಗಿದೆ, ಸ್ಟೇಜ್ ನಿಶ್ಶಬ್ದವಾಗಿದೆ ಎಂದಾದರೆ ಧಾರಾಳವಾಗಿ ಎಂಸಿಗೆ ಹೋಗಿ. ಭಾಗಮಂಡಲದ ಕಡೆ ಇದ್ದು, ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದಿದ್ದರೆ ನಾನಂತೂ ಶಿಫಾರಸು ಮಾಡಲಾರೆ.

ತೇವಕ್ಕೆ ಹೆದರಬೇಕಾದದ್ದು ಮೂರು ಕಡೆ. ಆರ್ಮ್ ತುದಿಯಲ್ಲಿ ಕಾರ್ಟ್ರಿಜ್ ಹಿಡಿಯುವ ಹೆಡ್‌ಶೆಲ್‌ನ ಪಿನ್‌ಗಳು ಕಿಲುಬುಗಟ್ಟಿ ಒಂದು ಚಾನೆಲ್ ಬಂದು ಬಂದು ಹೋಗುತ್ತದೆ. ಬೂಸ್ಟು ಮುಳ್ಳಿಗೆ ಅಂಟಿ ಬೂದು ಮುದ್ದೆಯಾಗುತ್ತದೆ. ಪ್ರತಿ ಬದಿ ಮುಗಿದ ಮೇಲೆ ಒಣ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ, ಅಡ್ಡಡ್ಡ ಎಳೆದರೆ ಕಡ್ಡಿ ಬಾಗುತ್ತದೆ. ಎತ್ತಿಟ್ಟ ಮುಳ್ಳುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಬೀರುವಿನಲ್ಲಿ ಬಲ್ಬ್ ಉರಿಸಿಡುವ ನಮ್ಮ ಪದ್ಧತಿ ಬಟ್ಟೆಗೆ ಸರಿ, ಪ್ಲೇಟುಗಳಿಗೆ ಬೇಡ. ಬಿಸಿಗೆ ಡೊಂಕಾಗುತ್ತವೆ.

ಚಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಬ್ಬರ್ ಬಳೆ ತಣ್ಣಗಿದ್ದರೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯ ಕೋಣೆಯಲ್ಲಿ ಪ್ಲೇಟು ಹಾಕಿದರೆ ಧ್ವನಿ ಬಿಗಿಯಾಗಿ, ಒರಟಾಗಿ ಬಂದೀತು. ಕೋಣೆ 20 ಡಿಗ್ರಿ ದಾಟುವವರೆಗೆ ಕಾಯಿರಿ. ಮುಳ್ಳಿನ ಭಾರವನ್ನು ತಯಾರಕರು ಹೇಳಿದ ಮಿತಿಯ ಮೇಲ್ತುದಿಯ ಹತ್ತಿರ ಇಡಿ. ಕಡಿಮೆ ಭಾರ ಪ್ಲೇಟಿಗೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಹಗುರಾದ ಮುಳ್ಳು ಗ್ರೂವ್‌ನೊಳಗೆ ಕುಣಿದು ಗೋಡೆಯನ್ನು ಕೆತ್ತುತ್ತದೆ.

ಹಳೆಯ ಡಬ್ಬಿಯಲ್ಲಿ ‘ಹೊಸದೇ’ ಎಂದು ಬರುವ 1980ರ ದಶಕದ ಕಾರ್ಟ್ರಿಜ್‌ಗಳ ಬಗ್ಗೆಯೂ ಇದೇ ಮಾತು. ಬಳಸದೇ ಇದ್ದರೂ ರಬ್ಬರ್ ಮುದಿಯಾಗಿರುತ್ತದೆ. 2018ರಲ್ಲಿ ಶೂರ್ ಕಂಪನಿ ಕಾರ್ಟ್ರಿಜ್ ತಯಾರಿಕೆ ನಿಲ್ಲಿಸಿದ ಮೇಲೆ ಅದರ ಹಳೆಯ ಮಾದರಿಗಳಿಗೆ ಬೇಡಿಕೆ ಏರಿದೆ. ದೇಹ ಕೊಳ್ಳಿ, ಮುಳ್ಳು ಮಾತ್ರ ಈಚೆಗೆ ತಯಾರಾದದ್ದೇ ಹಾಕಿ.

ಹೆಜ್ಜೆ 6: ಜೋಡಿಸುವುದು

ಬೇಕಾದ ಸಾಮಾನು: ಪ್ರೊಟ್ರಾಕ್ಟರ್ ಕಾಗದ (ಕಾರ್ಟ್ರಿಜ್‌ನ ಕೋನ ನೋಡುವ ಗೆರೆಗಳ ಹಾಳೆ), ಡಿಜಿಟಲ್ ಮುಳ್ಳಿನ ತಕ್ಕಡಿ, ಸಣ್ಣ ಸ್ಕ್ರೂಡ್ರೈವರ್, ಚಿಮಟ, ಭೂತಗನ್ನಡಿ, ಪುಟ್ಟ ಕನ್ನಡಿ ಚೂರು. ಮುಳ್ಳಿನ ಮುಚ್ಚಳ ತೆಗೆಯದೆ ಕೆಲಸ ಶುರು ಮಾಡಿ. ವೈರ್‌ಗಳ ಬಣ್ಣ: ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್, ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್. ಚಿಮಟದಲ್ಲಿ ಕ್ಲಿಪ್‌ನ ಹಿಂಬದಿಯನ್ನು ಹಿಡಿದು ತೂರಿಸಿ; ವೈರ್ ಹಿಡಿದು ಒತ್ತಿದರೆ ಬೆಸುಗೆ ಕಿತ್ತು ಬರುತ್ತದೆ. ತೀರಾ ಬಿಗಿಯಾಗಿದ್ದು ಒಳಗೆ ಹೋಗದಿದ್ದರೆ ಹಲ್ಲುಕಡ್ಡಿಯಿಂದ ಕ್ಲಿಪ್ಪನ್ನು ತುಸು ಅಗಲಿಸಿಕೊಳ್ಳಿ.

ಸ್ಕ್ರೂಗಳನ್ನು ಸಡಿಲವಾಗಿಟ್ಟು, ಭಾರವನ್ನು ಅಂದಾಜಿಗೆ ಹೊಂದಿಸಿ, ಪ್ರೊಟ್ರಾಕ್ಟರ್ ಮೇಲೆ ಮುಳ್ಳನ್ನು ಇಳಿಸಿ. ಬೇರ್ವಾಲ್ಡ್ ಎಂಬ ಜೋಡಣೆಯ ಲೆಕ್ಕದಲ್ಲಿ ಎರಡು ಬಿಂದುಗಳಿರುತ್ತವೆ, ಪ್ಲೇಟಿನ ನಡುವಿನಿಂದ 66 ಮತ್ತು 120.9 ಮಿಲಿಮೀಟರ್. ಎರಡರಲ್ಲೂ ಕಡ್ಡಿ ಗೆರೆಗೆ ಸಮಾನಾಂತರವಾಗಿರಬೇಕು. ನೋಡಬೇಕಾದದ್ದು ಕಡ್ಡಿಯನ್ನು, ಕಾರ್ಟ್ರಿಜ್‌ನ ಅಂಚನ್ನಲ್ಲ. ದುಬಾರಿಯವುಗಳಲ್ಲೂ ಎರಡೂ ನೇರ ಇರುತ್ತವೆ ಎನ್ನುವಂತಿಲ್ಲ. ಶಿಬಾಟಾ, ಮೈಕ್ರೋಲೈನ್ ತುದಿಗಳು ಇಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸುವುದಿಲ್ಲ, ದುಂಡು ಮುಳ್ಳು ಸಹಿಸುತ್ತದೆ. ಆಮೇಲೆ ಸ್ಕ್ರೂ ಬಿಗಿ ಮಾಡಿ, ಮತ್ತೆ ನೋಡಿ, ಬಿಗಿ ಮಾಡುವಾಗ ಸರಿದಿರುತ್ತದೆ. ಕನ್ನಡಿ ಚೂರಿನ ಮೇಲೆ ಮುಳ್ಳನ್ನಿಟ್ಟು ಮುಂದಿನಿಂದ ನೋಡಿದರೆ ಬಿಂಬ ನೆಟ್ಟಗೆ ನಿಲ್ಲಬೇಕು. ಕೊನೆಗೆ ತಕ್ಕಡಿಯಲ್ಲಿ ಭಾರ ಅಳೆದು, ಆ್ಯಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಜಾರದಂತೆ ಹಿಡಿಯುವ ಸೆಳೆತ) ಅಷ್ಟಕ್ಕೇ ಇಡಿ.

ಮೊದಲ ಪರೀಕ್ಷೆಗೆ ಪ್ಲೇಟಿನ ಒಳಗಿನ ಕೊನೆಯ ಹಾಡನ್ನೇ ಹಾಕಿ. ‘ಸ’ಕಾರ ಬಲಗಡೆ ಮಾತ್ರ ಒಡೆದರೆ ಆ್ಯಂಟಿ-ಸ್ಕೇಟ್ ತುಸು ಏರಿಸಿ, ಎಡಗಡೆ ಮಾತ್ರ ಒಡೆದರೆ ಇಳಿಸಿ. ಎರಡೂ ಕಡೆ ಒಡೆದರೆ ಭಾರವನ್ನು 0.1 ಗ್ರಾಂ ಹೆಚ್ಚಿಸಿ ನೋಡಿ, ಆಗಲೂ ಹೋಗದಿದ್ದರೆ ಪ್ರೊಟ್ರಾಕ್ಟರ್‌ಗೆ ವಾಪಸ್. ಹೊಸ ರಬ್ಬರ್ ಹದಕ್ಕೆ ಬರಲು ಇಪ್ಪತ್ತು ಗಂಟೆಗೂ ಮೇಲೆ ಹಿಡಿಯುತ್ತದೆ. ಹದಕ್ಕೆ ಬಂದ ಮೇಲೆ ಕಾರ್ಟ್ರಿಜ್ ಸ್ವಲ್ಪ ಕುಳಿತಿರುತ್ತದೆ, ಭಾರವನ್ನೂ ಆರ್ಮ್‌ನ ಎತ್ತರವನ್ನೂ ಇನ್ನೊಮ್ಮೆ ಅಳೆಯಿರಿ. ಹಿಡಿಸಲಿಲ್ಲ ಎಂದು ಮಾರಲು ಹೊರಡುವುದಿದ್ದರೆ ಅದಾದ ಮೇಲೆ.